ಸೋಮವಾರದ ಹನ್ನೆರಡು ಡಬ್ಬಿ ಮಣ್ಣು

ಇದನ್ನು ಹೇಳುವುದನ್ನು ಎಂಟು ವರ್ಷದಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ.

ಈ ಅಂಕಣಕ್ಕೆಂದೇ ಮೂರು ಸಲ ಬರೆಯಲು ಕುಳಿತೆ. ಒಮ್ಮೆ ಸವದತ್ತಿ ಬಸ್‌ಸ್ಟ್ಯಾಂಡಿನ ಚಹಾದ ಬಗ್ಗೆ ಬರೆದು ಎದ್ದೆ. ಇನ್ನೊಮ್ಮೆ ಮೊಣಕಾಲು ನೋವಿನ ಬಗ್ಗೆ. ಮೂರನೆಯ ಸಲ ರಾಮದುರ್ಗದ ಬೀಗರ ಮನೆಯ ಊಟದ ಬಗ್ಗೆ. (ನಿಮ್ಮಲ್ಲಿ ಹಲವರು ಅದನ್ನೇ ಮೆಚ್ಚಿ ಫೋನು ಮಾಡಿದಿರಿ. ನನಗೆ ನಾಚಿಕೆಯಾಯಿತು.) ಓದುಗರ ಕಣ್ಣೆದುರಿಗೇ ತಪ್ಪಿಸಿಕೊಳ್ಳುವುದು ಎಷ್ಟು ಸುಲಭ ನೋಡಿ!

ಈ ವಾರ ಆಗಲಿಲ್ಲ. ಕಾರಣ, ನನ್ನ ಬೆರಳುಗಳು.

ಊರಲ್ಲಿ ನನಗೊಂದು ಹೆಸರಿದೆ. ಬಿತ್ತುವ ಮುಂಚೆ ಜನ ನನ್ನನ್ನು ಹೊಲಕ್ಕೆ ಕರೆದೊಯ್ಯುತ್ತಾರೆ. ಒಂದು ಹಿಡಿ ಮಣ್ಣು ಎತ್ತಿ ಮುಷ್ಟಿಯಲ್ಲಿ ಹಿಸುಕುತ್ತೇನೆ, ಹೆಬ್ಬೆರಳಿನಿಂದ ತೀಡುತ್ತೇನೆ. ತಂಪು ಎಷ್ಟಿದೆ, ಅಂಟು ಎಷ್ಟಿದೆ ಎಂದು ಬೆರಳೇ ಹೇಳುತ್ತದೆ. "ಹದ ಐತಿ, ಹೂಡ್ರಿ" ಎಂದರೆ ಹೂಡುತ್ತಾರೆ. "ಮೂರು ದಿನ ತಡೀರಿ" ಎಂದರೆ ತಡೆಯುತ್ತಾರೆ. ಮೆಟ್ರಿಕ್ ಪಾಸಾದದ್ದಕ್ಕೆ ಸಿಗದ ಮರ್ಯಾದೆ ಈ ಮುಷ್ಟಿಗೆ ಸಿಕ್ಕಿದೆ.

ಹದಿನೈದು ದಿನದ ಹಿಂದೆ ನಮ್ಮದೇ ಹೊಲದಲ್ಲಿ ಕಡಲೆ ಬಿತ್ತಬೇಕಿತ್ತು. ಉಗರಗೋಳದ ಕೆಳಗೆ, ಹಳ್ಳದ ಪಕ್ಕದ ಎರೆ ಹೊಲ. ಕಪ್ಪು ಮಣ್ಣು. ಬಗ್ಗಿ ಹಿಡಿ ಮಣ್ಣು ಎತ್ತಿದೆ. ಹಿಸುಕಿದೆ. ತೀಡಿದೆ.

ಏನೂ ಗೊತ್ತಾಗಲಿಲ್ಲ.

ಸಕ್ಕರೆ ಕಾಯಿಲೆ ಬೆರಳ ತುದಿಯನ್ನು ಯಾವಾಗ ತಿಂದು ಹಾಕಿತೋ! ಕೈಯಲ್ಲಿದ್ದದ್ದು ಮಣ್ಣೋ ಹತ್ತಿಯೋ, ತಿಳಿಯದು. ಆದರೂ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಹೇಳಿಯೇಬಿಟ್ಟೆ.

"ಹದ ಐತಿ. ನಾಳಿ ಹೂಡೂಣು."

ಸೊಸೆ ಸುನಂದಾ ಬದುವಿನ ಮೇಲೆ ನಿಂತು ಫೋನಿನಲ್ಲಿ ಹೊಲದ ಹಸಿ ತೋರಿಸುವ ನಕ್ಷೆ ನೋಡುತ್ತಿದ್ದಳು. "ಮಾವಾರ, ಇದ್ರಾಗ ಹಂಗ ತೋರಸವಲ್ದರಿ. ಹಳ್ಳದ ಕಡಿ ಅರ್ಧ ಹೊಲ ಇನ್ನೂ ನೀಲಿ ಐತಿ. ಹಸಿ ಭಾಳ ಅಂತ."

"ಫೋನೇನು ಹೊಲದಾಗ ಇಳದು ಮಣ್ಣ ಮುಟ್ಟಿ ನೋಡೇತೇನ?"

"ನೀವರ ಮುಟ್ಟೀರಲ್ರಿ. ಏನ್ ಗೊತ್ತಾತು, ಖರೇ ಹೇಳ್ರಿ?" ಎಂದಳು. ಆಮೇಲೆ ದನಿ ತಗ್ಗಿಸಿ, "ನಿನ್ನಿ ಸುಡೂ ಸುಡೂ ಚಾದ ಕಪ್ಪ ಹಿಡಕೊಂಡು ಪೇಪರ ಓದಕೋತ ಕುಂತಿದ್ರಿ. ನಾ ನೋಡೇನಿ."

ಸೊಸೆಯಂದಿರಿಗೆ ಎಲ್ಲ ಗೊತ್ತಿರುತ್ತದೆ. ಹೇಳುವ ಹೊತ್ತಿಗೆ ಕಾಯುತ್ತಿರುತ್ತಾರೆ, ಅಷ್ಟೇ.

ಮಗ ಹಳ್ಳದ ಕಡೆ ಹೋಗಿ ಸಲಿಕೆ ಹಾಕಿದ. ಸಲಿಕೆಗೆ ಮಣ್ಣು ಮುದ್ದೆಯಾಗಿ ಮೆತ್ತಿಕೊಂಡು ಬಂತು. ಬಿತ್ತಿದ್ದರೆ ಅರ್ಧ ಹೊಲದ ಬೀಜ ಕೊಳೆಯುತ್ತಿತ್ತು. ಐದು ದಿನ ತಡೆದೆವು. ನಕ್ಷೆಯ ನೀಲಿ ಮಾಸಿತು, ಮಣ್ಣು ಸಡಿಲಾಯಿತು, ಬಿತ್ತಿದೆವು. ಈಗ ಬದುವಿನ ಮೇಲೆ ನಿಂತರೆ ಹಳ್ಳದ ತುದಿಯವರೆಗೂ ಕಡಲೆ ಸಾಲು ಹಸಿರಾಗಿ ಎದ್ದಿದೆ.

ಯಾರಿಗೆ ಕೈಮುಗಿಯಬೇಕು? ಸೊಸೆಗೆ ಮುಗಿದೆ. (ನಕ್ಕಳು.) ಫೋನಿಗೂ ಮುಗಿದೆ. ಮುಗಿದ ಕೈ ಹಾಗೇ ನಿಂತಿತು. ಏಕೆಂದರೆ ಆ ನಕ್ಷೆ ಎಲ್ಲಿಂದ ಬಂತು ಎಂಬುದು ಈ ಊರಲ್ಲಿ ನನ್ನಷ್ಟು ಚೆನ್ನಾಗಿ ಗೊತ್ತಿರುವವರು ಇನ್ನೊಬ್ಬರು ಮಾತ್ರ. ಆ ಇನ್ನೊಬ್ಬರ ಎದುರು ನಾನು ತಲೆ ಎತ್ತುವ ಹಾಗಿಲ್ಲ.

ಎಂಟು ವರ್ಷದ ಹಿಂದೆ ನಮ್ಮೂರಿಗೆ ಭಾರತಿ ಮೇಡಂ ಬಂದರು. ಬೈಲಹೊಂಗಲದ ಕಡೆಯ ಹುಡುಗಿ, ಯೂನಿವರ್ಸಿಟಿಯಲ್ಲಿ ಸಂಶೋಧನೆ. ಆಕಾಶದಲ್ಲಿ ತಿರುಗುವ ಸೆಟ್‌ಲೈಟಿನಿಂದ ಹೊಲದ ಹಸಿ ಅಳೆಯುತ್ತೇನೆ ಎಂದರು. ಕಟ್ಟೆಯ ಮೇಲೆ ಕುಳಿತವರೆಲ್ಲ ನನ್ನ ಮುಖ ನೋಡಿದರು. ಹದ ನೋಡುವವನ ಹೊಟ್ಟೆಯ ಮೇಲೇ ಕಲ್ಲು ಬಿದ್ದಂತೆ!

"ಮೋಡ ಇದ್ದಾಗ ಹೆಂಗವಾ ಫೋಟೋ ತಗಿತೈತಿ ಅದು?" ಎಂದು ಕೇಳಿದೆ, ಸೋಲಿಸುವ ಉಮೇದಿಯಲ್ಲಿ.

"ಇದು ಫೋಟೋದ್ದಲ್ರಿ ಕಾಕಾರ. ತಾನ ಮೈಕ್ರೋವೇವ್ ಬಿಡತೈತಿ. ನೆಲಕ್ಕ ಬಡದು ಹೊಳ್ಳಿ ಬಂದದ್ದನ್ನ ಹಿಡಕೊಂತೈತಿ. ಹಸಿ ಮಣ್ಣ ಜೋರಾಗಿ ಹೊಳ್ಳಿಸಿ ಕಳಸತೈತಿ, ಒಣಾ ಮಣ್ಣ ಸಣ್ಣಗ. ಮೋಡ ಇರಲಿ, ಕತ್ತಲಿ ಇರಲಿ, ನಡೀತೈತಿ."

"ಮೈಕ್ರೋವೇವ್ ಅಂದ್ರ ಇಡ್ಲಿ ಬಿಸಿ ಮಾಡೂದಲ್ಲೇನ? ನಮ್ಮ ಹೊಲಾ ಕುದಿಸೀಯವಾ!"

"ಅಷ್ಟ ಮ್ಯಾಲಿಂದ ಬರೂದ್ರಾಗ ನಿಮ್ಮ ಮೀಸಿ ಸೈತ ಅಳ್ಳಾಡಂಗಿಲ್ರಿ."

ಕಟ್ಟೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವರು ತಮ್ಮ ಕಷ್ಟ ಹೇಳಿದರು. ರೆಂಟೆ ಹೊಡೆದು ಹೆಂಟೆ ಎದ್ದ ಹೊಲ ಒಣಗಿದ್ದರೂ ಸೆಟ್‌ಲೈಟಿಗೆ ಹಸಿ ಹೊಲದ ಹಾಗೆ ಕಾಣುತ್ತದಂತೆ. ಬೆಳೆ ಎದ್ದರೆ ಎಲೆಯ ನೀರೂ ಲೆಕ್ಕದಲ್ಲಿ ಸೇರಿಕೊಳ್ಳುತ್ತದಂತೆ. ನಮ್ಮ ಎರೆಯ ಗುಣವೇ ಬೇರೆ. ಹಾಗಾಗಿ ಅದು ಮೇಲೆ ಹಾಯುವ ಹೊತ್ತಿಗೇ ಕೆಳಗಿನ ನಿಜವಾದ ಮಣ್ಣು ಬೇಕು. ಹನ್ನೆರಡು ದಿನಕ್ಕೊಮ್ಮೆ, ಬೆಳಗಿನ ಆರರ ಸುಮಾರಿಗೆ, ಹನ್ನೆರಡು ಹೊಲಗಳಿಂದ ಒಂದೊಂದು ಡಬ್ಬಿ. ಮೇಲಿನ ಎರಡು ಬೆರಳಿನಷ್ಟು ಮಣ್ಣು ಮಾತ್ರ.

"ನಿಮ್ಮ ಕೈ ನಂಬಿ ನಾವು ಸೆಟ್‌ಲೈಟಿಗೆ ಪಾಠ ಹೇಳ್ತೇವ್ರಿ ಕಾಕಾರ," ಎಂದರು ಮೇಡಂ.

ಕೆಲಸ ಒಪ್ಪಿಕೊಂಡೆ. ನನ್ನ ಜತೆಗೆ ಊರಿನ ಒಬ್ಬ ಹೆಣ್ಣುಮಗಳನ್ನೂ ತೆಗೆದುಕೊಂಡರು. ಗಂಡ ಇಲ್ಲದ ಮನೆ, ಸಾಲೆಯ ಮುಖ ಕಂಡವಳಲ್ಲ. ನಾನು ಮಣ್ಣು ಕೆದರಿ ಡಬ್ಬಿ ತುಂಬಬೇಕು. ಆಕೆ ಮುಚ್ಚಳ ಹಾಕಿ, ಟೇಪು ಸುತ್ತಿ, ಪೆಟ್ಟಿಗೆಯನ್ನು ಬಸ್ಸಿನಲ್ಲಿ ಸವದತ್ತಿಯ ಬಾಡಿಗೆ ಕೋಣೆಗೆ ಒಯ್ಯಬೇಕು. ಅಲ್ಲಿ ಹಸಿ ಮಣ್ಣು ತೂಗಿ, ಒಂದು ದಿನ ಓವನ್‌ನಲ್ಲಿ ಒಣಗಿಸಿ, ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ಮಣ್ಣಿನಲ್ಲಿದ್ದ ನೀರು. ಆ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆಯೇ ಆಕೆ ಅಂಕಿ ಕಲಿತಳು. ಎರಡು ತಿಂಗಳಲ್ಲಿ ಬಸ್ಸಿನ ನಂಬರು ತಾನೇ ಓದಿ ಹತ್ತುವಂತಾದಳು. "ಅಣ್ಣಾರ, ಈಗ ನನ್ನ ಯಾರೂ ತಪ್ಪ ಬಸ್ಸಿಗೆ ಹತ್ತಸಂಗಿಲ್ಲ" ಎಂದು ಒಂದು ಬೆಳಿಗ್ಗೆ ಹೇಳಿದ್ದು ನೆನಪಿದೆ.

ಎಲ್ಲ ಸರಿಯಿತ್ತು. ಸೋಮವಾರ ಬರುವವರೆಗೆ.

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ನಿಮಗೆ ಗೊತ್ತೇ ಇದೆ. ನಮ್ಮ ಮನೆಯಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಆ ದಿನ ಭೂಮಿಗೆ ಕಬ್ಬಿಣವನ್ನೇ ತಾಗಿಸುವುದಿಲ್ಲ. ಅಪ್ಪ ತಾಗಿಸಲಿಲ್ಲ, ನಾನೂ ತಾಗಿಸಿಲ್ಲ. ಆದರೆ ಸೆಟ್‌ಲೈಟಿಗೆ ಯಾವ ವಾರ? ಹನ್ನೆರಡು ದಿನದ ಲೆಕ್ಕದಲ್ಲಿ ಸುಮಾರು ಮೂರು ತಿಂಗಳಿಗೊಮ್ಮೆ ಅದು ಸೋಮವಾರವೇ ಬರುತ್ತದೆ.

ಮೊದಲ ಸೋಮವಾರ ಜ್ವರ ಎಂದೆ. ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. "ಆಗಲಿಲ್ಲ ಅಂತ ಬರದ್ರ ಸಾಕ್ರಿ. ಖಾಲಿ ಇದ್ರ ಅಡ್ಡಿಯಿಲ್ಲ, ಸುಳ್ಳ ಇರಬಾರದು" ಎಂದರು.

ಎರಡನೆಯ ಸೋಮವಾರ ಬಂದಾಗ ಏನು ಹೇಳಲಿ? ಮತ್ತೆ ಜ್ವರವೇ? "ನಮ್ಮಲ್ಲಿ ಸೋಮವಾರ ಭೂಮಿ ಕೆದರೂದಿಲ್ಲವಾ" ಎಂಬ ಒಂದು ಮಾತು ಸಾಕಿತ್ತು. ಅವರು ನಮ್ಮ ಕಡೆಯವರೇ, ಅರ್ಥ ಮಾಡಿಕೊಳ್ಳುತ್ತಿದ್ದರು. ಆದರೆ ಕಲಿತ ಹುಡುಗಿಯ ಮುಂದೆ ಹಳೆಯ ಕಾಲದ ಮುದುಕನಂತೆ ಕಾಣಲು ನನಗೆ ಮನಸ್ಸಾಗಲಿಲ್ಲ. ಪದ್ಧತಿಯನ್ನು ಬಿಡಲೂ ಒಲ್ಲೆ, ಹೇಳಿಕೊಳ್ಳಲೂ ಒಲ್ಲೆ!

ಆದಿತ್ಯವಾರ ಸಂಜೆಯೇ ಒಬ್ಬನೇ ಹೋದೆ. ಹನ್ನೆರಡೂ ಹೊಲ ತಿರುಗಿದೆ. ಹನ್ನೆರಡೂ ಡಬ್ಬಿ ತುಂಬಿದೆ. ಮುಚ್ಚಳ ನಾನೇ ಹಾಕಿದೆ, ಟೇಪು ನಾನೇ ಸುತ್ತಿದೆ. ನೋಟ್‌ಬುಕ್ಕಿನಲ್ಲಿ 'ಸೋಮವಾರ, ಬೆಳಿಗ್ಗೆ ಆರು' ಎಂದು ಬರೆದು ಸಹಿ ಹಾಕಿದೆ. ಒಂದು ರಾತ್ರಿಯಲ್ಲಿ ಮಣ್ಣು ಏನು ಬದಲಾದೀತು?

ಊಟಕ್ಕೆ ಕುಳಿತಾಗ ಮಳೆ ಹಿಡಿಯಿತು. ಹಂಚು ಒಡೆಯುವಂಥ ಮಳೆ.

ಬೆಳಿಗ್ಗೆ ಆಕೆ ಪಡಸಾಲೆಗೆ ಬಂದಳು. ಸೀರೆಯ ಅಂಚೆಲ್ಲ ರಾಡಿ. ತುಂಬಿದ ಡಬ್ಬಿಗಳನ್ನು ನೋಡಿದಳು. ಬಾಗಿಲಲ್ಲಿದ್ದ ನನ್ನ ಚಪ್ಪಲಿ ನೋಡಿದಳು. ಮಳೆ ಬಿದ್ದ ಎರೆಯಲ್ಲಿ ಹತ್ತು ಹೆಜ್ಜೆ ಹಾಕಿದರೆ ಚಪ್ಪಲಿಗೆ ಸೇರು ಮಣ್ಣು ಅಂಟುತ್ತದೆ, ಕಾಲೆತ್ತಲಾಗದು. ನನ್ನ ಚಪ್ಪಲಿ ತೊಳೆದಿಟ್ಟಂತಿತ್ತು.

"ಅಣ್ಣಾರ, ಮಳಿ ಆಗೇತಲ್ರಿ. ನಿಮ್ಮ ಚಪ್ಪಲಿಗೆ ಎರಿ ಹತ್ತಿಲ್ಲ?"

"ನಿನಗ್ಯಾಕ ಬೇಕ ಆ ಉಸಾಬರಿ? ತೂಗೂದು ನಿನ್ನ ಕೆಲಸ. ತೂಗು."

"ಮ್ಯಾಡಮ್ಮಾರು ಸುಳ್ಳ ಬ್ಯಾಡ ಅಂದಾರ್ರಿ..."

"ನಡೀ, ಬಸ್ಸ ತಪ್ಪತೈತಿ."

ಪೆಟ್ಟಿಗೆ ಎತ್ತಿಕೊಂಡು ಹೋದಳು.

ಮೂರು ವಾರದ ಮೇಲೆ ಮೇಡಂ ತಮ್ಮ ಗೈಡ್ ಸಾಹೇಬರನ್ನು ಕರೆದುಕೊಂಡು ಬಂದರು. ನಮ್ಮ ಪಡಸಾಲೆಯಲ್ಲೇ ಕುಳಿತರು. ಆ ಸೋಮವಾರ ಸೆಟ್‌ಲೈಟು ಹೊಲಗಳೆಲ್ಲ ತೊಯ್ದಿವೆ ಎನ್ನುತ್ತಿದೆ. ಮಳೆ ಬಿದ್ದದ್ದು ಊರಿಗೇ ಗೊತ್ತು. ಡಬ್ಬಿಗಳು ಮಾತ್ರ ಒಣ ಒಣ.

"ಹೆಂಗ್ರಿ ಇದು?" ಎಂದರು ಸಾಹೇಬರು.

ಆಗಲೂ ಒಂದು ಮಾತು ಸಾಕಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಹೊರಗೆ ಬಂದದ್ದು ಬೇರೆ.

"ಮುಚ್ಚಳಾ ಸಡ್ಲ ಬಿಟ್ಟಿರಬೇಕ್ರಿ ಆಕಿ. ಬಸ್ಸಿನ್ಯಾಗ ಬಿಸಲಿಗೆ ಇಟ್ಟಿರಬೇಕು. ನೀರ ಆರಿ ಹೋಗಿರತೈತಿ."

ಎಷ್ಟು ಚೆಂದ ಕೂತಿತು ನೋಡಿ ಆ ಸುಳ್ಳು! ಸಾಹೇಬರು ತಲೆಯಾಡಿಸಿದರು. ವಿಜ್ಞಾನಕ್ಕೂ ಒಪ್ಪುವಂಥ ಸುಳ್ಳು. ಮೇಡಂ ಆಕೆಯ ಕಡೆ ತಿರುಗಿದರು. ಆಕೆ ಅವರನ್ನೂ ನೋಡಲಿಲ್ಲ, ಸಾಹೇಬರನ್ನೂ ನೋಡಲಿಲ್ಲ. ನನ್ನ ಕಾಲು ನೋಡಿದಳು. ನನ್ನ ಪಾದವನ್ನೇ, ಒಂದು ಗಳಿಗೆ. ಆಮೇಲೆ ಸೆರಗು ಸರಿ ಮಾಡಿಕೊಂಡು ಎದ್ದು ಹೋದಳು.

ಒಂದು ಮಾತಾಡಲಿಲ್ಲ. ಆಡಿದ್ದರೆ ಯಾರು ನಂಬುತ್ತಿದ್ದರು? ನಾನು ಮೆಟ್ರಿಕ್, ಪೇಪರಿಗೆ ಬರೆಯುವವನು, ಹದ ನೋಡುವವನು. ಆಕೆ ಮೊನ್ನೆ ಮೊನ್ನೆ ಅಂಕಿ ಕಲಿತವಳು.

ಆಕೆಯನ್ನು ಕೆಲಸದಿಂದ ಬಿಡಿಸಿದರು. ಸೋಮವಾರದ ಡಬ್ಬಿ ಒಂದೇ ಅಲ್ಲ, ಆಕೆ ತೂಗಿದ್ದೆಲ್ಲವೂ ಅನುಮಾನಕ್ಕೆ ಬಿತ್ತು. ಮೇಡಂ ಇಡೀ ವರ್ಷದ ಕೆಲಸ ಮತ್ತೆ ಮೊದಲಿನಿಂದ ಮಾಡಿದರು. ನಾನು? ಚಹಾದ ಅಂಗಡಿಯಲ್ಲಿ ಹೀರೋ. ಸೆಟ್‌ಲೈಟಿನ ಲೆಕ್ಕ ಕೆಟ್ಟಿತು ಎಂಬುದೇ ಅಲ್ಲಿಯವರಿಗೆ ಸಾಕಾಗಿತ್ತು. "ಕಾಕಾನ ಮುಷ್ಟಿ ಮುಂದ ಸೆಟ್‌ಲೈಟ್ ಸೋತ್ತೋ!" ಎಂದು ಯಾರೋ ಕೂಗಿದರು. ಅಲ್ಲಗಳೆಯಲಿಲ್ಲ. ಇನ್ನೊಂದು ಚಹಾ ಹೇಳಿದೆ.

ಊರಿನ ನಾಲಿಗೆ ಅಲ್ಲಿಗೇ ನಿಲ್ಲುತ್ತದೆಯೇ? ಆಕೆಗೊಂದು ಅಡ್ಡಹೆಸರು ಬಿತ್ತು. ಮುಚ್ಚಳವ್ವ. ಮೊದಲು ಹಿಂದಿನಿಂದ, ಆಮೇಲೆ ಎದುರಿಗೇ. "ಏ ಮುಚ್ಚಳವ್ವ, ಹಾಲಿನ ಪಾತೇಲಿ ಮುಚ್ಚೀಯಿಲ್ಲೋ?" ಎಂದು ಹುಡುಗಿಯರೂ ಕಾಡಿಸುವರು. ಈಗ ದೇವಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಆಕೆ ಕಾಯಿ, ಕುಂಕುಮ, ಭಂಡಾರದ ಸಣ್ಣ ಅಂಗಡಿ ಇಟ್ಟಿದ್ದಾಳೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರಿಗೆ ಅದೇ ಆಕೆಯ ನಿಜವಾದ ಹೆಸರು ಎಂಬ ನಂಬಿಕೆ. ನಮ್ಮ ಸುನಂದಾಳಿಗೂ ಹಾಗೇ ಇತ್ತು.

ಒಂದು ವಸ್ತು ಕೆಟ್ಟಾಗ ನಾವು ಯಾರನ್ನು ಹುಡುಕುತ್ತೇವೆ? ಕೆಡಿಸಿದವರನ್ನೇ? ಅಲ್ಲ. ತಿರುಗಿ ಮಾತಾಡದವರನ್ನು. ಆಫೀಸಿನಲ್ಲಿ ಫೈಲು ಕಳೆದರೆ ಕಸ ಗುಡಿಸುವವಳು, ಮದುವೆ ಮನೆಯಲ್ಲಿ ಸಾರು ಉಪ್ಪಾದರೆ ಪಾತ್ರೆ ತೊಳೆಯುವವಳು. ನೀವೂ ಒಮ್ಮೆ ನೆನಪು ಮಾಡಿಕೊಳ್ಳಿ. (ನಾನೊಬ್ಬನೇ ಇರಲಾರೆ ಎಂಬ ಆಸೆ, ಅಷ್ಟೇ.)

ಕಡಲೆ ಮೊಳಕೆ ಒಡೆದ ದಿನ ಭಾರತಿ ಮೇಡಂಗೆ ಫೋನು ಮಾಡಿದೆ. ಈಗ ದೂರದ ಊರಲ್ಲಿ ಪಾಠ ಹೇಳುತ್ತಾರೆ. ನಮ್ಮ ಭಾಗದ ಎರೆ ಹೊಲಗಳ ನಕ್ಷೆ ಬರುವುದು ಅವರು ಕಟ್ಟಿದ ಲೆಕ್ಕದಿಂದಲೇ. ಹೊಲ ಉಳಿಯಿತು, ನಿಮ್ಮ ಉಪಕಾರ ಎಂದೆ. ಖುಷಿಪಟ್ಟರು. ಆಮೇಲೆ ತಡವರಿಸುತ್ತಾ ಆದಿತ್ಯವಾರದ ಸಂಜೆಯ ಕತೆಯನ್ನೂ ಹೇಳಿದೆ.

ಯಾವ ಸೋಮವಾರ ಎಂದು ಕೇಳಿದರು. ಮಳೆ ಬಿದ್ದ ಸೋಮವಾರ ಎಂದೆ.

"ಅಂದ್ರ ಆವತ್ತು ಸೆಟ್‌ಲೈಟ್ ಖರೇನ ಹೇಳಿತ್ತು," ಎಂದರು.

"ಹೌದವಾ. ಸುಳ್ಳ ಹೇಳಿದ್ದು ನಾ. ನಿಂದೊಂದ ವರ್ಷ ತಿಂದೆ."

"ತಿಂದ್ರಿ ಖರೆ. ಸಿಟ್ಟ ಬಂದೈತ್ರಿ ನನಗ, ಇಲ್ಲ ಅನ್ನಂಗಿಲ್ಲ." ಆಮೇಲೆ ಹೇಳಿದರು, "ಆದ್ರ ಎರಡನೇ ಸಲ ಅಳದದ್ದಕ್ಕ ಲೆಕ್ಕ ಭಾಳ ಗಟ್ಟಿ ಆತು. ಅದಕ್ಕ ಇವತ್ತ ನಿಮ್ಮ ಹಳ್ಳದ ಕಡಿ ನೀಲಿ ತೋರಸೇತಿ. ಹೋಗ್ಲಿ ಬಿಡ್ರಿ ಕಾಕಾರ."

ಕಣ್ಣು ತುಂಬಿ ಬಂತು. ಇಂಥ ದೊಡ್ಡ ಮನಸ್ಸು ನನಗೆ ಸಿಗಬೇಕಾದ್ದೇ? ಬದುಕಿನಲ್ಲಿ ನನಗೆ ಸಿಕ್ಕಿದ ಒಳ್ಳೆಯದರಲ್ಲಿ ಹೆಚ್ಚಿನದು ನಾನು ಗಳಿಸಿದ್ದಲ್ಲ. ನನ್ನ ಬೆರಳು ಸತ್ತಾಗ ನೋಡಿಯೂ ಹೊತ್ತು ಕಾದು ಹೇಳಿದ ಸೊಸೆ, ಕೆಡಿಸಿದವನಿಗೂ ನಕ್ಷೆ ಕೊಟ್ಟ ಈ ಹುಡುಗಿ, ಮೋಡದ ಆಚೆಯಿಂದ ನಮ್ಮ ಎರಡು ಬೆರಳು ಮಣ್ಣನ್ನು ವಿಚಾರಿಸಿಕೊಂಡು ಹೋಗುವ ಆ ಯಂತ್ರ. ಎಲ್ಲರಿಗೂ ನಾನು ಋಣಿ.

ಫೋನಿಡುವ ಮುಂಚೆ ಮೇಡಂ ಕೇಳಿದರು. "ಆಕೀಗೆ ಹೇಳಿದ್ರ್ಯಾ?"

"ಇಲ್ಲವಾ," ಎಂದೆ.

"ಹಂಗಾದ್ರ ಮೊದಲ ನನಗ್ಯಾಕ ಫೋನ್ ಹಚ್ಚೀರಿ?"

ಯಾಕೆಂದರೆ ದೂರದ ಊರಿಗೆ ಫೋನು ಮಾಡುವುದು ಸುಲಭ. ಮೂರು ಓಣಿ ದಾಟುವುದು ಕಷ್ಟ.

ಹೋಗಲಿಲ್ಲವೆಂದಲ್ಲ. ಮೊನ್ನೆ ಆಕೆಯ ಅಂಗಡಿಗೆ ಹೋದೆ. ಒಂದು ಕಾಯಿ ಕೊಂಡು ಬಂದೆ. ಮರುದಿನವೂ ಹೋದೆ. ಕಾಯಿ ಕೊಂಡು ಬಂದೆ. ಮೂರನೆಯ ದಿನ ಆಕೆಯೇ ಕೇಳಿದಳು. "ಅಣ್ಣಾರ, ಈ ವಾರ ಇದು ಮೂರನೇ ಕಾಯಿ. ಅಂಥಾದ್ದೇನ ಹರಕಿ ಹೊತ್ತೀರಿ?"

"ಏನಿಲ್ಲ ತಂಗಿ" ಎಂದೆ.

"ಬಿಸಲಾಗ ಅಡ್ಡಾಡಬ್ಯಾಡ್ರಿ. ಕುಂಡ್ರ್ರಿ, ನೀರ ಕುಡೀರಿ" ಎಂದು ಚೊಂಬು ಮುಂದೆ ಹಿಡಿದಳು.

ಹೋದ ವರ್ಷ ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಹದಿನಾಲ್ಕು ದಿನ ರೊಟ್ಟಿ, ಪಲ್ಯ ಕಟ್ಟಿ ಕಳಿಸಿದ್ದೂ ಆಕೆಯೇ. ಎಂಟು ವರ್ಷ ಆ ಚಪ್ಪಲಿಯ ಸುದ್ದಿಯನ್ನು ಒಬ್ಬರ ಮುಂದೆಯೂ ಎತ್ತಲಿಲ್ಲ. ನಾನು ಊರಲ್ಲಿ ತಲೆಯೆತ್ತಿ ನಡೆದದ್ದು ಆಕೆ ಬಾಯಿ ಮುಚ್ಚಿಕೊಂಡಿದ್ದಕ್ಕೆ. ಇದಕ್ಕಿಂತ ದೊಡ್ಡ ಉಪಕಾರ ನನಗೆ ಯಾರೂ ಮಾಡಿಲ್ಲ.

ಪೇಪರಿನಲ್ಲಿ ಬರೆದರೆ ಕ್ಷಮೆ ಕೇಳಿದಂತಾಯಿತೇ? ಇಲ್ಲ, ಗೊತ್ತು. ಅದಕ್ಕೆ ಆಕೆಯ ಎದುರು ನಿಲ್ಲಬೇಕು. ಈ ಬರಹ ಅಚ್ಚಾದ ಮೇಲೆ ನನಗೆ ಹಿಂದೆ ಸರಿಯುವ ದಾರಿ ಇರುವುದಿಲ್ಲ, ಅದಕ್ಕಾಗಿಯೇ ಬರೆದಿದ್ದೇನೆ. ಸೋಮವಾರದ ಹನ್ನೆರಡೂ ಡಬ್ಬಿಗಳ ಮುಚ್ಚಳ ಹಾಕಿದವನು ನಾನು. ಊರವರೇ, ಆಕೆಯನ್ನು ಇನ್ನು ಹಾಗೆ ಕರೆಯಬೇಡಿ.

ಆಕೆಯ ಹೆಸರು ನೀಲವ್ವ.